ಜಪಾನಿಗೆ ಹೊರಟಿದ್ದೇವೆ: ಹಾಲು, ತುಪ್ಪ, ಮೀನು ಯಾವುದೂ ಬೆರೆಯದ ಊಟ ಹುಡುಕುವುದು ಹೇಗೆ?

ಪ್ರಶ್ನೆ: ಹೆಗಡೆ, ಶಿರಸಿ

ಎಲ್ಲರಿಗೂ ನಮಸ್ಕಾರ. ನಮ್ಮ ಮಗಳು ಕ್ಯೋಟೋದಲ್ಲಿ ಸಂಶೋಧನೆ ಮಾಡುತ್ತಿದ್ದಾಳೆ. ಬರುವ ಏಪ್ರಿಲ್ ತಿಂಗಳಿನಲ್ಲಿ ನಾನೂ ನನ್ನ ಪತ್ನಿಯೂ ಅವಳಲ್ಲಿಗೆ ಹೋಗಿ ಕೆಲವು ವಾರ ಇದ್ದು ಬರುವುದೆಂದು ನಿಶ್ಚಯಿಸಿದ್ದೇವೆ. ಗೋವಾದಿಂದ ಹೊರಟು, ಬ್ಯಾಂಕಾಕಿನಲ್ಲಿ ಒಂದೆರಡು ದಿನ ತಂಗಿ, ಅಲ್ಲಿಂದ ಓಸಾಕಾಕ್ಕೆ ಹೋಗುವಂತೆ ಟಿಕೆಟ್ ನೋಡುತ್ತಿದ್ದೇವೆ.

ನಾವಿಬ್ಬರೂ ಕೆಲವು ವರ್ಷಗಳಿಂದ ವೀಗನ್ ಆಹಾರಕ್ರಮದಲ್ಲಿದ್ದೇವೆ. ಮಾಂಸ, ಮೀನು, ಮೊಟ್ಟೆಗಳು ಮೊದಲಿನಿಂದಲೂ ಇಲ್ಲ. ಈಗ ಹಾಲು, ಮೊಸರು, ತುಪ್ಪ, ಜೇನುತುಪ್ಪಗಳನ್ನೂ ಬಿಟ್ಟಿದ್ದೇವೆ. ಅದು ಸರಿಯೋ ತಪ್ಪೋ ಎಂಬ ಚರ್ಚೆಯನ್ನು ದಯವಿಟ್ಟು ಇಲ್ಲಿ ಎತ್ತಬೇಡಿ. ನಮ್ಮ ಮನೆಯ ಕೊಟ್ಟಿಗೆಯ ಎದುರಿನಲ್ಲೇ ಅದು ಸಾಕಷ್ಟು ನಡೆದು ಮುಗಿದಿದೆ.

ಊರಿನಲ್ಲಿ ನಮಗೆ ಹೆಚ್ಚಿನ ತೊಂದರೆಯಿಲ್ಲ. ಮದುವೆ, ಉಪನಯನಗಳ ಪಂಕ್ತಿಯಲ್ಲಿ ತುಪ್ಪ ಬಡಿಸುವವರು ಬಂದಾಗ ಎಲೆಗೆ ಕೈ ಅಡ್ಡ ಹಿಡಿದರೆ ಆಯಿತು. ತಂಬುಳಿ, ಸಾಸಿವೆಗಳನ್ನು ಬಿಟ್ಟರೂ ಅಪ್ಪೆಹುಳಿ, ಪಲ್ಯ, ಉಪ್ಪಿನಕಾಯಿಗಳಲ್ಲಿ ಊಟ ಸೊಗಸಾಗಿಯೇ ಆಗುತ್ತದೆ. ಒಗ್ಗರಣೆ ತುಪ್ಪದ್ದೋ ಎಣ್ಣೆಯದ್ದೋ ಎಂದು ಅಡುಗೆ ಭಟ್ಟರನ್ನು ನಮ್ಮ ಭಾಷೆಯಲ್ಲೇ ಕೇಳಿಕೊಳ್ಳಬಹುದು. ಜಪಾನಿನಲ್ಲಿ ಭಾಷೆ ಬಾರದು, ಲಿಪಿ ತಿಳಿಯದು, ಮೇಲಾಗಿ ಅಲ್ಲಿ ಮೀನು ಎಲ್ಲದರಲ್ಲೂ ಇರುತ್ತದೆ ಎಂದು ಕೇಳಿದ್ದೇವೆ. ಮಗಳು ಹಾಲು ಮೊಸರು ತಿನ್ನುವವಳು, ಹೆಚ್ಚಾಗಿ ಮನೆಯಲ್ಲೇ ಬೇಯಿಸಿಕೊಳ್ಳುವವಳು. ಆದ್ದರಿಂದ ಹೊರಗೆ ತಿರುಗುವ ದಿನಗಳಲ್ಲಿ ಏನು ಮಾಡಬೇಕೆಂಬುದಕ್ಕೆ ಅವಳಲ್ಲಿಯೂ ಸ್ಪಷ್ಟವಾದ ಉತ್ತರವಿಲ್ಲ. ವಿಮಾನದಲ್ಲಿ, ಬ್ಯಾಂಕಾಕಿನಲ್ಲಿ, ಜಪಾನಿನಲ್ಲಿ ನಮ್ಮಂಥವರು ಏನನ್ನು ಕೇಳಿ ಪಡೆಯಬೇಕು, ಮನೆಯಿಂದ ಏನನ್ನು ಒಯ್ಯಬಹುದು ಎಂಬುದನ್ನು ಅನುಭವವಿದ್ದವರು ತಿಳಿಸಬೇಕೆಂದು ವಿನಂತಿ.

ಉತ್ತರ: ಹಡಗಿನ ಅಡುಗೆಯವ, ಕಾರವಾರ

ಹೆಗಡೆಯವರೇ, ನಾನು ವ್ಯಾಪಾರಿ ಹಡಗುಗಳ ಅಡುಗೆಮನೆಯಲ್ಲಿ ದುಡಿದು ನಿವೃತ್ತನಾದವನು. ನಾನೇನೋ ಮೀನು ತಿನ್ನುವವನೇ. ಆದರೆ ಹಡಗಿನ ಸಸ್ಯಾಹಾರಿಗಳಿಗೆ ಬೇರೆ ಪಾತ್ರೆ ಇಡುವ ಕೆಲಸ ನನ್ನದಾಗಿತ್ತು, ಬಂದರಿನಲ್ಲಿ ಇಳಿದಾಗ ಅವರಿಗೆ ಊಟದ ದಾರಿ ತೋರಿಸುವುದೂ ನನ್ನ ಪಾಲಿಗೇ ಬರುತ್ತಿತ್ತು.

ಹೋದ ಊರಿನಲ್ಲೆಲ್ಲ ವೀಗನ್ ಊಟ ಇದೆಯೇ ಎಂದು ಕೇಳುತ್ತ ಹೊರಟರೆ ಪಟ್ಟಣದ ನಾಲ್ಕು ದುಬಾರಿ ಹೋಟೆಲುಗಳಲ್ಲಿ ಮಾತ್ರ ಉತ್ತರ ಸಿಗುತ್ತದೆ. ಅದರ ಬದಲು ಆ ಊರಿನ ಜನ ಯಾವ ದಿನ, ಯಾವ ಕಾರಣಕ್ಕೆ ತಾವಾಗಿಯೇ ಮೀನು ಮಾಂಸ ಬಿಡುತ್ತಾರೆ, ಅಂದು ಅವರ ಒಲೆಯ ಮೇಲೆ ಏನಿರುತ್ತದೆ, ಅದಕ್ಕೆ ಅವರು ಏನೆನ್ನುತ್ತಾರೆ ಎಂಬುದನ್ನು ತಿಳಿದುಕೊಂಡು ಹೋಗಬೇಕು. ನಮ್ಮ ಕಾರವಾರವನ್ನೇ ನೋಡಿ. ಹೊರಗಿನವರ ಕಣ್ಣಿಗೆ ಇದು ಮೀನಿನ ಊರು. ಆದರೂ ಸೋಮವಾರ, ಶ್ರಾವಣ, ಚವತಿ ಎಂದು ಮೀನು ಒಳಗೆ ಬಾರದ ದಿನಗಳು ಎಷ್ಟೋ ಮನೆಗಳಲ್ಲಿವೆ. ಅಂದಿನ ಅಡುಗೆಗೆ ಕೊಂಕಣಿಯಲ್ಲಿ ಶಿವರಾಕ ಎನ್ನುತ್ತೇವೆ, ಅಲಸಂದೆಯ ತೊಂಡಾಕ, ಖತಖತೆ, ಸೋಲ್ ಕಡಿ ಎಂದು ಅದಕ್ಕೆ ಅದರದೇ ಆದ ಅಡುಗೆಗಳಿವೆ. ಇಲ್ಲಿಗೆ ಬಂದ ಪರದೇಶಿಯರು ಮೀನಿಲ್ಲದ ಊಟ ಕೊಡಿ ಎಂದು ಗೋಗರೆಯುವುದಕ್ಕಿಂತ ಶಿವರಾಕ ಎಂದು ಕೇಳಿದರೆ ಕೆಲಸ ಬೇಗ ಆಗುತ್ತದೆ. ಬೌದ್ಧರಿರುವಲ್ಲಿ, ಹಳೆಯ ಕ್ರೈಸ್ತ ಉಪವಾಸಗಳು ಉಳಿದಿರುವಲ್ಲಿ ಇಂಥದೊಂದು ಅಡುಗೆ ಹೆಚ್ಚಾಗಿ ಇರುತ್ತದೆ.

ಬ್ಯಾಂಕಾಕಿನಲ್ಲಿ ಅದರ ಹೆಸರು ಜೇ. ಚೀನೀ ಮೂಲದ ಥಾಯ್ ಬೌದ್ಧರು ಚೀನೀ ಪಂಚಾಂಗದ ಒಂಬತ್ತನೆಯ ತಿಂಗಳಿನಲ್ಲಿ ಒಂಬತ್ತು ದಿನ ಈ ವ್ರತ ಹಿಡಿಯುತ್ತಾರೆ. ಫುಕೆಟ್ ದ್ವೀಪದಲ್ಲಿ ಅದು ದೊಡ್ಡ ಉತ್ಸವ. ಮಾಂಸ, ಮೀನು, ಮೊಟ್ಟೆ, ಹಾಲುಗಳ ಜೊತೆಗೆ ಈರುಳ್ಳಿ, ಬೆಳ್ಳುಳ್ಳಿಗಳೂ ಅದಕ್ಕೆ ವರ್ಜ್ಯ. ನೀವು ಹೋಗುವುದು ಏಪ್ರಿಲ್‌ನಲ್ಲಾದರೂ ವರ್ಷವಿಡೀ ಜೇ ಊಟ ಮಾಡಿಕೊಡುವ ಅಂಗಡಿಗಳಿವೆ, ಹಳದಿ ಬಾವುಟದ ಮೇಲೆ ಕೆಂಪು ಅಕ್ಷರ ಅವುಗಳ ಗುರುತು. ಥಾಯ್ ಲಿಪಿ ತಿಳಿಯದವರ ಕಣ್ಣಿಗೆ ಆ ಅಕ್ಷರಗಳು ಇಂಗ್ಲಿಷ್ ಅಂಕಿಗಳ 17ರಂತೆ ಕಾಣುತ್ತವೆ. ಅಲ್ಲಿ ಮಂಗ್ಸವಿರತ್ ಎಂಬ ಇನ್ನೊಂದು ಮಾತೂ ಇದೆ, ಅದು ಬರೀ ಸಸ್ಯಾಹಾರ. ಮೊಟ್ಟೆ, ಹಾಲು ಅದಕ್ಕೆ ಅಡ್ಡಿಯಲ್ಲ. ಸಾಮಾನ್ಯ ಅಂಗಡಿಯಲ್ಲಿ ತರಕಾರಿ ಕರಿ ಕೇಳಿದರೆ ಮಸಾಲೆಯಲ್ಲೇ ಸಿಗಡಿಯನ್ನು ಅರೆದಿರುತ್ತಾರೆ, ಉಪ್ಪಿನ ಬದಲು ಮೀನಿನ ರಸ ಸುರಿಯುತ್ತಾರೆ. ಹಸಿ ಪಪ್ಪಾಯಿಯ ಕೋಸಂಬರಿಯೂ ಅದರಿಂದ ಹೊರತಲ್ಲ. ಮಾವಿನ ಹಣ್ಣಿನ ಜೊತೆ ತೆಂಗಿನಹಾಲಿನಲ್ಲಿ ಕಲಸಿದ ಅಂಟಕ್ಕಿ ಅನ್ನವನ್ನು ಮಾತ್ರ ನಿಶ್ಚಿಂತೆಯಿಂದ ತಿನ್ನಿ. ಕರಾವಳಿಯವರ ನಾಲಿಗೆಗೆ ಅದು ಹೊಸದಾಗಿ ತೋರುವುದೂ ಇಲ್ಲ.

ಮುಂದೆಂದಾದರೂ ವಿಯೆಟ್ನಾಮಿಗೆ ಹೋದರೆ ಚಾಯ್ ಎಂದು ಕೇಳಿ, ಅಲ್ಲಿ ಅದು ಚಹಾ ಅಲ್ಲ. ಚಾಂದ್ರಮಾನ ತಿಂಗಳಿನ 1 ಮತ್ತು 15ನೆಯ ದಿನಗಳಂದು, ಎಂದರೆ ನಮ್ಮ ಅಮಾವಾಸ್ಯೆ ಹುಣ್ಣಿಮೆಗಳ ಸುಮಾರಿಗೆ, ಎಷ್ಟೋ ಮನೆಗಳಲ್ಲಿ ಅದೇ ಊಟ.

ಇನ್ನು ಜಪಾನ್. ಅಲ್ಲಿನ ತೊಡಕು ತಟ್ಟೆಯಲ್ಲಿ ಕಾಣುವ ಮೀನಿನದಲ್ಲ, ನೀರಿನಲ್ಲಿ ಇಳಿದ ಮೀನಿನದು. ಟ್ಯೂನಾ ಜಾತಿಯ ಕಾತ್ಸುಓ ಮೀನನ್ನು ಬೇಯಿಸಿ, ಹೊಗೆಯಾಡಿಸಿ, ಕಟ್ಟಿಗೆಯಷ್ಟು ಗಟ್ಟಿಯಾಗುವಂತೆ ಒಣಗಿಸಿ, ಅದನ್ನು ತೆಳ್ಳಗೆ ಹೆರೆದು ಬಿಸಿನೀರಿಗೆ ಹಾಕಿ ಸೋಸಿ ತೆಗೆಯುತ್ತಾರೆ. ಲಕ್ಷದ್ವೀಪದ ಮಾಸ್ ಮೀನನ್ನು ಕಂಡವರಿಗೆ ಅದರ ಅಂದಾಜು ಸಿಗುತ್ತದೆ. ಆ ಸೋಸಿದ ರಸಕ್ಕೆ ದಾಶಿ ಎಂದು ಹೆಸರು. ಹುದುಗಿಸಿದ ಸೋಯಾ ಹಿಟ್ಟಿನ ಮಿಸೋ ಸಾರು, ನೂಡಲ್ಸ್ ಅದ್ದುವ ರಸ, ಬೇಯಿಸಿದ ಕುಂಬಳಕಾಯಿ, ಪಾಲಕ ಎಲ್ಲಕ್ಕೂ ಅದೇ ಆಧಾರ. ಇದರಲ್ಲಿ ಮೀನು ಇದೆಯೇ ಎಂದು ಕೇಳಿದರೆ ಇಲ್ಲ ಎನ್ನುತ್ತಾರೆ. ಅವರು ಸುಳ್ಳಾಡುತ್ತಿರುವುದಿಲ್ಲ, ಆ ರಸವನ್ನು ಮೀನೆಂದು ಅವರು ಎಣಿಸುವುದೇ ಇಲ್ಲ. ಆದ್ದರಿಂದ ದಾಶಿ ಯಾವುದರದು ಎಂದು ಕೇಳಬೇಕು. ಕೊಂಬು ಎಂಬ ಕಡಲ ಪಾಚಿಯಿಂದಲೂ, ಒಣಗಿಸಿದ ಶಿಟಾಕೆ ಅಣಬೆಯಿಂದಲೂ ದಾಶಿ ತೆಗೆಯುವ ಕ್ರಮವಿದೆ. ಬೌದ್ಧ ಮಠಗಳ ಶೋಜಿನ್ ರ್ಯೋರಿ ಎಂಬ ಅಡುಗೆ ನಿಂತಿರುವುದು ಅದರ ಮೇಲೆಯೇ. ನೀವು ಜಪಾನಿನಲ್ಲಿ ಕೇಳಬೇಕಾದ ಶಿವರಾಕ ಅದು.

ಉತ್ತರ: ಕುಮಟಾದವಳು, ಓಸಾಕಾ

ಹೆಗಡೆಯವರಿಗೆ ನಮಸ್ಕಾರ. ಮೂಲತಃ ಕುಮಟಾದವಳು, ಈಗ ಓಸಾಕಾದಲ್ಲಿ ವಾಸ. ಕಾರವಾರದ ಹಿರಿಯರು ದಾಶಿಯ ಬಗ್ಗೆ ಹೇಳಿದ್ದು ಅಕ್ಷರಶಃ ಸತ್ಯ. ಅದಕ್ಕೆ ಅಂಗಡಿಗಳ ಪೊಟ್ಟಣಗಳ ಸಂಗತಿಯನ್ನು ಸೇರಿಸುತ್ತೇನೆ, ಏಕೆಂದರೆ ತಿರುಗಾಟದ ದಿನಗಳಲ್ಲಿ ತಾವು ಹೆಚ್ಚಾಗಿ ತಿನ್ನುವುದು ಮೂಲೆಮೂಲೆಗೂ ಇರುವ ಚಿಕ್ಕ ಅಂಗಡಿಗಳಿಂದಲೇ.

ಇಲ್ಲಿನ ಕಾನೂನಿನ ಪ್ರಕಾರ ಪೊಟ್ಟಣದ ಮೇಲೆ ಕಡ್ಡಾಯವಾಗಿ ನಮೂದಿಸಬೇಕಾದ ಅಲರ್ಜಿ ಪದಾರ್ಥಗಳಲ್ಲಿ ಹಾಲು, ಮೊಟ್ಟೆ, ಸಿಗಡಿ, ಏಡಿ, ಗೋಧಿ, ಬಕ್‌ವೀಟ್, ಶೇಂಗಾಗಳು ಸೇರಿವೆ. 2023ರಲ್ಲಿ ಅಕ್ರೋಟನ್ನೂ ಸೇರಿಸಿದ್ದಾರೆ. ಹಾಲು ಮತ್ತು ಮೊಟ್ಟೆಗೆ ಒಂದೊಂದೇ ಚೀನೀ ಅಕ್ಷರ. ಆ ಎರಡು ಅಕ್ಷರಗಳನ್ನು ಮಗಳಿಂದ ದೊಡ್ಡದಾಗಿ ಬರೆಸಿಕೊಂಡು ಹೊರಡುವ ಮೊದಲೇ ಕಣ್ಣಿಗೆ ರೂಢಿ ಮಾಡಿಕೊಂಡರೆ ಪೊಟ್ಟಣ ತಿರುಗಿಸಿದ ಕೂಡಲೇ ಗುರುತು ಸಿಗುತ್ತದೆ. ಆದರೆ ಇಲ್ಲೊಂದು ಎಚ್ಚರಿಕೆ ಬೇಕು: ಆ ಪಟ್ಟಿಯಲ್ಲಿ ಮೀನು ಇಲ್ಲ. ಕೋಳಿ, ಹಂದಿ, ದನದ ಮಾಂಸ, ಜೆಲಟಿನ್ ಇವೆಲ್ಲ ನಮೂದಿಸಿದರೆ ಒಳ್ಳೆಯದು ಎಂಬ ಎರಡನೆಯ ಪಟ್ಟಿಯಲ್ಲಿವೆ, ಕಾತ್ಸುಓ ಅಲ್ಲಿಯೂ ಇಲ್ಲ. ಆದ್ದರಿಂದ ಅಲರ್ಜಿಯ ಚೌಕ ಖಾಲಿಯಿದ್ದ ಮಾತ್ರಕ್ಕೆ ಪದಾರ್ಥ ನಮಗೆ ಸಲ್ಲುತ್ತದೆ ಎಂದು ತಿಳಿಯಲಾಗದು. ಮೊಬೈಲಿನ ಕ್ಯಾಮೆರಾ ಅನುವಾದದಲ್ಲಿ ಪದಾರ್ಥಗಳ ಪೂರ್ತಿ ಸಾಲನ್ನು ಓದಿ, ಬೊನಿಟೊ (ಕಾತ್ಸುಓವಿಗೆ ಇಂಗ್ಲಿಷಿನಲ್ಲಿ ಬಳಸುವ ಹೆಸರು), ಮೀನಿನ ಸಾರ ಎಂಬ ಮಾತು ಬಂದರೆ ಹಿಂದಿಡಿ. ಅನುವಾದ ಅಡ್ಡಾದಿಡ್ಡಿಯಾಗಿ ಬಂದರೂ ಈ ಮಾತುಗಳನ್ನು ಹೆಚ್ಚಾಗಿ ಹಿಡಿಯುತ್ತದೆ.

ಉದಾಹರಣೆಗೆ ಅನ್ನದ ತ್ರಿಕೋನ ಉಂಡೆ, ಒನಿಗಿರಿ. ಒಳಗೆ ಉಮೆ ಹಣ್ಣಿನ ಉಪ್ಪಿನಕಾಯಿ ಇಟ್ಟದ್ದು ನಮಗೆ ಹೇಳಿ ಮಾಡಿಸಿದಂತೆ ಕಾಣುತ್ತದೆ. ಆದರೆ ಕೆಲವು ತಯಾರಕರು ಅದರ ಉಪ್ಪಿನಕಾಯಿಗೇ ಕಾತ್ಸುಓ ಬೆರೆಸುತ್ತಾರೆ, ಕೊಂಬು ತುಂಬಿದ ಉಂಡೆಯಲ್ಲಿಯೂ ಮೀನಿನ ಸಾರ ಇರುವುದುಂಟು. ಬರೀ ಉಪ್ಪು ಹಾಕಿದ ಉಂಡೆ ಹೆಚ್ಚು ಕ್ಷೇಮ. ನಾತ್ತೋ ಎಂಬ ಹುದುಗಿಸಿದ ಸೋಯಾಕಾಳು ಶುದ್ಧ, ಅದರ ಪೆಟ್ಟಿಗೆಯಲ್ಲಿಟ್ಟಿರುವ ರಸದ ಪುಟ್ಟ ಪೊಟ್ಟಣ ಹೆಚ್ಚಾಗಿ ಶುದ್ಧವಲ್ಲ. ಅದನ್ನು ಬದಿಗಿಟ್ಟು ಸೋಯಾ ಸಾಸ್ ಹಾಕಿಕೊಳ್ಳಿ. ತಣ್ಣನೆಯ ತೋಫು ಕೇಳಿದರೆ ಮೇಲೆ ಮೀನಿನ ಹೆರಕಲನ್ನು ಉದುರಿಸಿ ತರುತ್ತಾರೆ. ಕಾತ್ಸುಓಬುಶಿ ನಾಶಿ ಎಂದು ಮೊದಲೇ ಹೇಳಬೇಕು, ನಾಶಿ ಎಂದರೆ ಬೇಡ. ಬ್ರೆಡ್ಡಿನಲ್ಲಿ ಹಾಲೋ ಬೆಣ್ಣೆಯೋ ಹೆಚ್ಚುಕಡಿಮೆ ಇದ್ದೇ ಇರುತ್ತದೆ. ಸುಟ್ಟ ಗೆಣಸು, ಬೇಯಿಸಿದ ಹಸಿ ಸೋಯಾ ಕೋಡು, ಬಾಳೆಹಣ್ಣು ಎಲ್ಲೆಡೆ ಸಿಗುತ್ತವೆ. ಸಿಹಿಯಲ್ಲಿ ಇಲ್ಲಿನ ಹಳೆಯ ತಿನಿಸುಗಳೇ ವಾಸಿ: ಕೆಂಪು ಕಾಳಿನ ಹೂರಣ, ಸಕ್ಕರೆ, ಕಡಲ ಪಾಚಿಯಿಂದ ತೆಗೆದ ಅಗರ್ ಸೇರಿಸಿದ ಯೋಕಾನ್‌ಗೆ ಹಾಲಿನ ಹಂಗಿಲ್ಲ.

ಹೋಟೆಲಿನಲ್ಲಿ ಹೇಳಲು ಈ ವಾಕ್ಯವನ್ನು ಬರೆದುಕೊಳ್ಳಿ: ನಿಕು, ಸಕಾನಾ, ತಮಾಗೋ, ನ್ಯೂಸೇಹಿನ್ ವಾ ತಾಬೆರಾರೆಮಾಸೆನ್, ಕಾತ್ಸುಓ ನೋ ದಾಶಿ ಮೋ ತಾಬೆರಾರೆಮಾಸೆನ್. ಮಾಂಸ, ಮೀನು, ಮೊಟ್ಟೆ, ಹಾಲಿನ ಪದಾರ್ಥ ತಿನ್ನಲಾಗದು, ಕಾತ್ಸುಓ ದಾಶಿಯೂ ಸಲ್ಲದು ಎಂದು ಅರ್ಥ. ಅಲ್ಲಿಗೂ ಆಗುವುದಿಲ್ಲ ಎಂದರೆ ಒತ್ತಾಯಿಸಬೇಡಿ. ಇಲ್ಲಿನ ಅಡುಗೆಯವರು ರಸವನ್ನು ಬೆಳಗ್ಗೆಯೇ ಮಾಡಿಟ್ಟಿರುತ್ತಾರೆ, ಒಬ್ಬರಿಗಾಗಿ ಬದಲಾಯಿಸುವ ರೂಢಿ ಕಡಿಮೆ.

ಕ್ಯೋಟೋದಲ್ಲಿರುವುದು ತಮ್ಮ ಭಾಗ್ಯವೇ ಸರಿ. ಅರಶಿಯಾಮಾದ ತೆನ್‌ರ್ಯೂಜಿ ದೇವಾಲಯದ ಆವರಣದಲ್ಲಿ ಶಿಗೆತ್ಸು ಎಂಬ ಶೋಜಿನ್ ಊಟದ ಮನೆಯಿದೆ. ಹತ್ತಿರದ ಉಜಿಯಲ್ಲಿ 1661ರಲ್ಲಿ ಚೀನೀ ಗುರು ಇಂಗೆನ್ ಸ್ಥಾಪಿಸಿದ ಮಂಪುಕುಜಿ ಮಠವಿದೆ, ಅಲ್ಲಿನದು ಫುಚಾ ರ್ಯೋರಿ ಎಂಬ ಚೀನೀ ಛಾಯೆಯ ಸಸ್ಯಾಹಾರ. ಒಂದು ರಾತ್ರಿಯ ಮಟ್ಟಿಗಾದರೂ ಕೋಯಾಸಾನ್ ಬೆಟ್ಟಕ್ಕೆ ಹೋಗಿ ಬನ್ನಿ. ಕೂಕಾಯ್ ಎಂಬ ಆಚಾರ್ಯರಿಗೆ 816ರಲ್ಲಿ ದೊರೆತ ಆ ಬೆಟ್ಟದ ಮೇಲೆ ಯಾತ್ರಿಕರಿಗೆ ವಸತಿ ಕೊಡುವ ಮಠಗಳು ಈಗಲೂ 50ರಷ್ಟಿವೆ. ಸಂಜೆ ಬೇಗನೆ ಮೆರುಗೆಣ್ಣೆ ಹಚ್ಚಿದ ಗಿಡ್ಡ ಮಣೆಯ ಮೇಲೆ ಊಟ ಬರುತ್ತದೆ: ಅನ್ನ, ಎಳ್ಳನ್ನು ನುಣ್ಣಗೆ ಅರೆದು ಕುಡ್ಜು ಗೆಡ್ಡೆಯ ಹಿಟ್ಟಿನಲ್ಲಿ ಗಟ್ಟಿ ಮಾಡಿದ ಗೋಮಾದೋಫು, ಹೆಪ್ಪುಗಟ್ಟಿಸಿ ಒಣಗಿಸಿ ಮತ್ತೆ ರಸದಲ್ಲಿ ಬೇಯಿಸಿದ ಕೋಯಾದೋಫು, ಋತುವಿನ ತರಕಾರಿಯನ್ನು ಬಜ್ಜಿಯಂತೆ ಕರಿದ ತೆಂಪುರಾ, ಉಪ್ಪಿನಕಾಯಿ. ಕೋಯಾದೋಫುವಿಗೆ ಹೆಸರು ಬಂದದ್ದೇ ಆ ಬೆಟ್ಟದಿಂದ. ಕಾಯ್ದಿರಿಸುವಾಗ ಹಾಲು, ಮೊಟ್ಟೆಯೂ ಬೇಡವೆಂದು ಬರೆದರೆ ಸಾಕು.

ಒಂದು ವಿಷಯವನ್ನು ಮೊದಲೇ ತಾವಿಬ್ಬರೂ ಮಾತಾಡಿಕೊಳ್ಳುವುದು ಒಳ್ಳೆಯದು. ಮೀನು ಕರಿದ ಎಣ್ಣೆಯಲ್ಲೇ ಕರಿದ ಬದನೆಕಾಯಿ ನಡೆಯುತ್ತದೆಯೋ ಇಲ್ಲವೋ? ಹೋಟೆಲಿನ ಮೇಜಿನ ಎದುರು ಕುಳಿತು ತೀರ್ಮಾನಿಸಲು ಹೊರಟರೆ ಊಟದ ಸುಖ ಅಲ್ಲಿಗೇ ಮುಗಿಯುತ್ತದೆ.

ಉತ್ತರ: ಸಿದ್ದಾಪುರದ ಅಜ್ಜ

ಇಷ್ಟೆಲ್ಲ ಓದಿದ ಮೇಲೆ ನನಗನ್ನಿಸುವುದು ಇಷ್ಟೇ. ನಮ್ಮ ಹಿರಿಯರು ಕಾಶಿಗೆ ಹೊರಟಾಗ ಬುತ್ತಿ ಕಟ್ಟಿಕೊಂಡೇ ಹೊರಡುತ್ತಿದ್ದರು. ಅವಲಕ್ಕಿ, ಹುರಿಹಿಟ್ಟು, ಚಟ್ನಿಪುಡಿ, ಹಲಸಿನ ಹಪ್ಪಳ, ಮಿಡಿ ಉಪ್ಪಿನಕಾಯಿ, ನಾಲ್ಕು ಒಣ ಕೊಬ್ಬರಿ ಗಿಟುಕು, ಒಂದು ಕರೆಂಟಿನ ಅನ್ನದ ಪಾತ್ರೆ ಇವಿಷ್ಟನ್ನು ಒಯ್ದರೆ ಯಾರ ಹಂಗೂ ಇಲ್ಲದೆ ಇದ್ದು ಬರಬಹುದು. ಜಪಾನಿನವರ ನೀರಿನಲ್ಲೂ ಮೀನು ಎಂದ ಮೇಲೆ ಪರೀಕ್ಷಿಸುತ್ತ ಏಕೆ ಕೂರಬೇಕು?

ಹೆಗಡೆ, ಶಿರಸಿ

ಎಲ್ಲರಿಗೂ ಕೃತಜ್ಞತೆಗಳು. ಓಸಾಕಾದ ತಂಗಿ ಕೇಳಿದ ಪ್ರಶ್ನೆಯನ್ನು ನಿನ್ನೆ ಸಂಜೆಯೇ ಪತ್ನಿಯೊಡನೆ ಮಾತಾಡಿದೆ: ಎಣ್ಣೆ ಯಾವುದರದಾದರೂ ಸಹಿಸಿಕೊಳ್ಳುತ್ತೇವೆ, ದಾಶಿಯನ್ನು ಮಾತ್ರ ಒಪ್ಪುವುದಿಲ್ಲ. ಬುತ್ತಿಯ ಸಲಹೆ ನಮಗೂ ಇಷ್ಟವೇ, ಆದರೆ ಹೋದಲ್ಲೆಲ್ಲ ಅವಲಕ್ಕಿ ಕಲಸಿಕೊಂಡು ಕೂರಲು ಮನಸ್ಸಿಲ್ಲ. ವಿಮಾನದ ಊಟ ಮತ್ತು ಒಯ್ಯಬಹುದಾದ ವಸ್ತುಗಳ ಬಗ್ಗೆ ಯಾರಾದರೂ ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ: ಅಂಕೋಲೆಯ ಟಿಕೆಟ್ ಕಚೇರಿ

ವಿಮಾನದ ಟಿಕೆಟ್ ಮಾಡಿಸಿಕೊಡುವುದು ನನ್ನ ಉದ್ಯೋಗ. ನಮ್ಮಲ್ಲಿಗೆ ಬರುವ ಹೆಚ್ಚಿನವರು ಶಾಕಾಹಾರ ಎಂದು ಗುರುತು ಹಾಕಿಸಿ ನಿಶ್ಚಿಂತರಾಗುತ್ತಾರೆ. ವಿಮಾನ ಕಂಪನಿಗಳ ಸಂಕೇತಗಳಲ್ಲಿ ಏಷ್ಯನ್ ಸಸ್ಯಾಹಾರ, ಎಂದರೆ ಎ.ವಿ.ಎಂ.ಎಲ್., ಭಾರತೀಯ ರುಚಿಯದು. ಅದರಲ್ಲಿ ಪನೀರ್, ಮೊಸರು, ತುಪ್ಪ ಎಲ್ಲ ಇರಬಹುದು. ಎಚ್.ಎನ್.ಎಂ.ಎಲ್. ಎಂಬುದು ಹಿಂದೂ ಊಟ ಎಂಬ ಹೆಸರಿನದು. ಹೆಸರು ನೋಡಿ ಮೋಸಹೋಗಬಾರದು; ಅದರಲ್ಲಿ ದನ, ಹಂದಿಗಳ ಮಾಂಸವಿರುವುದಿಲ್ಲ ಅಷ್ಟೇ, ಕೋಳಿ, ಕುರಿ, ಮೀನು ಬರಬಹುದು. ನಿಮಗೆ ಬೇಕಾದದ್ದು ವೀಗನ್ ಊಟದ ಸಂಕೇತವಾದ ವಿ.ಜಿ.ಎಂ.ಎಲ್. ಕನಿಷ್ಠ 24 ಗಂಟೆ ಮೊದಲು, ಕೆಲವು ಕಂಪನಿಗಳಲ್ಲಿ ಇನ್ನೂ ಮೊದಲು, ಕೇಳಿಕೊಂಡಿರಬೇಕು. ಗೋವಾದಿಂದ ಬ್ಯಾಂಕಾಕಿಗೆ ಒಂದು ಕಂಪನಿ, ಅಲ್ಲಿಂದ ಓಸಾಕಾಕ್ಕೆ ಇನ್ನೊಂದು ಎಂದಾದರೆ ಎರಡಕ್ಕೂ ಬೇರೆಬೇರೆಯಾಗಿ ಹೇಳಿಸಿ, ಚೆಕ್-ಇನ್ ಸಮಯದಲ್ಲಿ ಮತ್ತೊಮ್ಮೆ ವಿಚಾರಿಸಿ. ವಿಮಾನ ಬದಲಾದಾಗ ಊಟದ ಕೋರಿಕೆ ಬಿಟ್ಟುಹೋಗುವುದು ಅಪರೂಪವಲ್ಲ. ಅಗ್ಗದ ವಿಮಾನಗಳಲ್ಲಿ ಊಟಕ್ಕೆ ಪ್ರತ್ಯೇಕ ಹಣ, ಅವುಗಳ ಪಟ್ಟಿಯಲ್ಲಿ ಸಸ್ಯಾಹಾರವಿದ್ದರೂ ಹಾಲಿಲ್ಲದ್ದು ಇರುತ್ತದೆಂಬ ಭರವಸೆಯಿಲ್ಲ. ಅಂಥಲ್ಲಿ ಚಪಾತಿ, ಪಲ್ಯ ಕಟ್ಟಿಕೊಂಡು ಹತ್ತುವುದೇ ಮೇಲು.

ಸಿದ್ದಾಪುರದ ಅಜ್ಜನವರ ಕ್ಷಮೆ ಕೋರಿ ಅವರ ಬುತ್ತಿಯಿಂದ ಎರಡು ವಸ್ತುಗಳನ್ನು ತೆಗೆಯುತ್ತೇನೆ. ಒಣ ಕೊಬ್ಬರಿಯನ್ನು ವಿಮಾನದಲ್ಲಿ ಒಯ್ಯುವಂತಿಲ್ಲ. ಅದರಲ್ಲಿರುವ ಎಣ್ಣೆಯಿಂದಾಗಿ ತಾನಾಗಿಯೇ ಬಿಸಿಯೇರಿ ಹೊತ್ತಿಕೊಳ್ಳಬಲ್ಲ ಸರಕೆಂದು ವಿಮಾನಯಾನದ ಅಪಾಯಕಾರಿ ವಸ್ತುಗಳ ಪಟ್ಟಿಯಲ್ಲಿ ಅದು ಸೇರಿದೆ. ತಪಾಸಣೆಯಲ್ಲಿ ಚೀಲ ಬಿಚ್ಚಿಸಿ ತೆಗೆಸುತ್ತಾರೆ. ಇನ್ನೊಂದು ಕರೆಂಟಿನ ಅನ್ನದ ಪಾತ್ರೆ. ಜಪಾನಿನ ಮನೆಗಳಿಗೆ ಬರುವ ವಿದ್ಯುತ್ತು 100 ವೋಲ್ಟ್, ನಮ್ಮದು 230. ನಮ್ಮ ಪಾತ್ರೆ ಅಲ್ಲಿ ತನ್ನ ಶಕ್ತಿಯ ಐದರಲ್ಲೊಂದು ಪಾಲಿನಷ್ಟೇ ಕಾಯುತ್ತದೆ, ಅಕ್ಕಿ ನೆನೆಯುತ್ತದೆಯೇ ಹೊರತು ಬೇಯುವುದಿಲ್ಲ. ಮಗಳ ಮನೆಯಲ್ಲಿ ಅಲ್ಲಿನ ಪಾತ್ರೆ ಇರಲೇಬೇಕು.

ಉಪ್ಪಿನಕಾಯಿಯನ್ನು ಕೈಚೀಲದಲ್ಲಿ ಇಡಬೇಡಿ, 100 ಮಿಲಿಲೀಟರ್ ಮೀರಿದ ದ್ರವದ ನಿಯಮಕ್ಕೆ ಅದೂ ಸಿಕ್ಕಿಬೀಳುತ್ತದೆ. ಗಟ್ಟಿಯಾಗಿ ಮುಚ್ಚಿ ದೊಡ್ಡ ಪೆಟ್ಟಿಗೆಗೆ ಹಾಕಿ. ಹಸಿ ಕರಿಬೇವು, ಮಾವಿನಕಾಯಿ, ವೀಳ್ಯದೆಲೆ, ಅಕ್ಕಿ, ಬಿತ್ತುವಂಥ ಕಾಳು ಇವು ಜಪಾನಿನ ಸಸ್ಯ ತಪಾಸಣೆಗೆ ಒಳಪಡುತ್ತವೆ, ಪ್ರಮಾಣಪತ್ರವಿಲ್ಲದೆ ಒಳಗೆ ಬಿಡುವುದಿಲ್ಲ. ಹುರಿದು ಪುಡಿಮಾಡಿದ ಚಟ್ನಿಪುಡಿ, ಸಾರಿನ ಪುಡಿಗಳನ್ನು ಅಂಗಡಿಯ ಮುಚ್ಚಿದ ಪೊಟ್ಟಣದಲ್ಲೇ ಒಯ್ದರೆ ಕೇಳಿದಾಗ ತೋರಿಸಲು ಸುಲಭ. ನಿಮ್ಮ ದಾರಿಗೆ ಸಂಬಂಧವಿಲ್ಲದಿದ್ದರೂ ಓದುವ ಇತರರಿಗಾಗಿ ಹೇಳುತ್ತೇನೆ: ದುಬೈ ಅಥವಾ ಸಿಂಗಾಪುರಕ್ಕೆ ಹೋಗುವವರ ಪೆಟ್ಟಿಗೆಯಲ್ಲಿ ಗಸಗಸೆ ಇರಲೇಬಾರದು, ಅಲ್ಲಿ ಅದು ಮಾದಕದ್ರವ್ಯದ ಕಾನೂನಿಗೆ ಬರುತ್ತದೆ.

ಉತ್ತರ: ಗೋಕರ್ಣದ ಖಾನಾವಳಿ

ಗೋಕರ್ಣದಲ್ಲಿ ನಮ್ಮದೊಂದು ಚಿಕ್ಕ ಖಾನಾವಳಿ ಇದೆ. ಕುಡ್ಲೆ, ಓಂ ಕಡಲತೀರಗಳಿಗೆ ಬರುವ ಪರದೇಶಿಯರಲ್ಲಿ ವೀಗನ್ ಆದವರು ಹಂಗಾಮಿನುದ್ದಕ್ಕೂ ಸಿಗುತ್ತಾರೆ. ನೀವು ಜಪಾನಿನಲ್ಲಿ ಯಾವ ಸ್ಥಿತಿಯಲ್ಲಿ ಇರುವಿರೋ ಅವರು ನಮ್ಮ ಗಲ್ಲೆಯ ಎದುರು ಅದೇ ಸ್ಥಿತಿಯಲ್ಲಿ ನಿಂತಿರುತ್ತಾರೆ. ಯಾರಿಗೆ ಸರಿಯಾದ ಊಟ ಸಿಗುತ್ತದೆ, ಯಾರಿಗೆ ಸಿಗುವುದಿಲ್ಲ ಎಂಬುದನ್ನು ಈ ಕಡೆಯಿಂದ ನೋಡಿದವನಾಗಿ ಬರೆಯುತ್ತಿದ್ದೇನೆ.

ಮಧ್ಯಾಹ್ನದ ಗದ್ದಲದಲ್ಲಿ ಬಂದು ಮೊಬೈಲಿನಲ್ಲಿ ಉದ್ದನೆಯ ನಿಷೇಧಗಳ ಪಟ್ಟಿಯನ್ನು ತೋರಿಸಿದರೆ ಮಾಣಿ ಎಲ್ಲಕ್ಕೂ ತಲೆಯಾಡಿಸುತ್ತಾನೆ, ಏಕೆಂದರೆ ಅವನ ಕಣ್ಣು ಹಿಂದಿನ ಮೇಜಿನ ಮೇಲಿರುತ್ತದೆ. ಹಾಲು ಬೇಡವೆಂದವರಿಗೆ ಮಜ್ಜಿಗೆಹುಳಿ ತಂದು ಬಡಿಸಿದ್ದನ್ನು ಕಂಡಿದ್ದೇನೆ. ಅವನ ಲೆಕ್ಕದಲ್ಲಿ ಹಾಲು ಬೇರೆ, ಮಜ್ಜಿಗೆ ಬೇರೆ. ತಪ್ಪು ಅವನದೂ ಅಲ್ಲ, ಕೇಳಿದವರದೂ ಅಲ್ಲ. ಅದೇ ಜಾಣರಾದವರು ಬೆಳಗ್ಗೆ ಬೇಗ ಬರುತ್ತಾರೆ. ಒಬ್ಬ ಹೆಂಗಸು ನೇರವಾಗಿ ಕಾವಲಿಯ ಬಳಿ ಬಂದು, ತುಪ್ಪದ ದೋಸೆಗಳು ಶುರುವಾಗುವ ಮೊದಲು ತನ್ನದನ್ನು ಹುಯ್ಯುವಂತೆ ಸನ್ನೆ ಮಾಡಿ, ಈರುಳ್ಳಿಯ ಅರ್ಧ ಹೋಳನ್ನು ಎಣ್ಣೆಯಲ್ಲಿ ಅದ್ದಿ ಕಾವಲಿಗೆ ಉಜ್ಜುವುದನ್ನು ತೋರಿಸಿ ಅದೇ ಸಾಕೆಂದು ತಲೆಯಾಡಿಸಿದರು. ಅವರಿಗೆ ನಮ್ಮ ಭಾಷೆಯ ಒಂದು ಮಾತೂ ಬರುತ್ತಿರಲಿಲ್ಲ. ಮರುದಿನ ಏನಿರುತ್ತದೆ ಎಂದು ಹಿಂದಿನ ಸಂಜೆಯೇ ಕೇಳಿ ಹೋದವರಿಗೆ ನಾವು ಪತ್ರೊಡೆಯನ್ನೋ, ಒಗ್ಗರಣೆ ಅವಲಕ್ಕಿಯನ್ನೋ ಖುಷಿಯಿಂದಲೇ ಮಾಡಿಟ್ಟಿದ್ದೇವೆ.

ಆದ್ದರಿಂದ ಬೇಡದ್ದರ ಪಟ್ಟಿ ಚಿಕ್ಕದಿರಲಿ, ಅದರ ಕೆಳಗೆ ತಿನ್ನುವ ಪದಾರ್ಥಗಳ ಹೆಸರು ಇರಲಿ: ಅನ್ನ, ತೋಫು, ತರಕಾರಿ, ಸೋಯಾ ಸಾಸ್, ಎಳ್ಳು. ಏನನ್ನು ಕೊಡಬಹುದು ಎಂಬುದು ಕಣ್ಣಿಗೆ ಬಿದ್ದರೆ ಅಡುಗೆಯವನ ಕೈ ತಾನಾಗಿಯೇ ಅತ್ತ ಹೋಗುತ್ತದೆ. ಒಂದು ಮನೆ ಹೊಂದಿಕೆಯಾಯಿತೆಂದರೆ ಹೊಸದನ್ನು ಹುಡುಕುವ ಬದಲು ಅಲ್ಲಿಗೇ ಮತ್ತೆ ಹೋಗಿ. ಎರಡನೆಯ ಸಲ ಬಂದವರ ಮುಖ ನಮಗೆ ನೆನಪಿರುತ್ತದೆ.

ಪ್ರಶ್ನೆ: ಯಲ್ಲಾಪುರದಿಂದ

ಇದೇ ಪ್ರಶ್ನೆಯನ್ನು ಯುರೋಪಿನ ಬಗ್ಗೆ ಕೇಳಬಹುದೇ? ತಮ್ಮ ಜರ್ಮನಿಗೆ ಓದಲು ಹೋಗುತ್ತಿದ್ದಾನೆ, ರಜೆಯಲ್ಲಿ ಗ್ರೀಸ್ ನೋಡುವ ಆಸೆ ಅವನಿಗೆ. ಅವನೂ ಹಾಲು ಬಿಟ್ಟವನು. ಭಾರತೀಯ ಹೋಟೆಲುಗಳು ಇರುತ್ತವಲ್ಲ ಎಂದು ಧೈರ್ಯವಾಗಿದ್ದಾನೆ.

ಉತ್ತರ: ಹೊನ್ನಾವರದವ, ಹ್ಯಾಂಬರ್ಗ್

ಆ ಧೈರ್ಯವನ್ನು ಸ್ವಲ್ಪ ಕಡಿಮೆ ಮಾಡಬೇಕಾಗುತ್ತದೆ. ಮಾಂಸ ತಿನ್ನದವರಿಗೆ ಇಲ್ಲಿನ ಭಾರತೀಯ ಹೋಟೆಲು ಆಶ್ರಯವೇ ಸರಿ, ಹಾಲು ಬಿಟ್ಟವರಿಗೆ ಅಲ್ಲ: ನಾನ್ ಹಿಟ್ಟಿನಲ್ಲಿ ಮೊಸರು, ದಾಲ್ ಮೇಲೆ ಬೆಣ್ಣೆ, ಎಷ್ಟೋ ಗ್ರೇವಿಗಳಲ್ಲಿ ಕೆನೆ. ಅದಕ್ಕಿಂತ ತುರ್ಕಿಯವರ, ಅರಬರ ಅಂಗಡಿಯ ಫಲಾಫೆಲ್ ಎಂಬ ಕಾಳಿನ ವಡೆ, ಹಮ್ಮಸ್ ಎಂಬ ಕಡಲೆಯ ಚಟ್ನಿ ಸಲೀಸು. ಮೊಸರಿನ ಸಾಸ್ ಬೇಡ, ಎಳ್ಳಿನದು ಹಾಕಿ ಎಂದರೆ ಮುಗಿಯಿತು. ಇಟಲಿಯವರಲ್ಲಿ ಮರಿನಾರಾ ಪಿಜ್ಜಾಕ್ಕೆ ಮೊದಲಿನಿಂದಲೂ ಚೀಸ್ ಇಲ್ಲ.

ಪೊಟ್ಟಣಗಳ ವಿಷಯದಲ್ಲಿ ಯುರೋಪು ಜಪಾನಿಗಿಂತ ಸುಲಭ. 2014ರ ಡಿಸೆಂಬರ್‌ನಿಂದ ಜಾರಿಯಲ್ಲಿರುವ ಐರೋಪ್ಯ ಒಕ್ಕೂಟದ ನಿಯಮದಂತೆ 14 ಅಲರ್ಜಿ ಪದಾರ್ಥಗಳನ್ನು ಎದ್ದು ಕಾಣುವಂತೆ ಮುದ್ರಿಸಬೇಕು. ಹಾಲು, ಮೊಟ್ಟೆ, ಮೀನು, ಸಿಗಡಿ, ಚಿಪ್ಪುಜೀವಿಗಳೆಲ್ಲ ಅದರಲ್ಲಿವೆ. ಜೇನು, ಜೆಲಟಿನ್, ಕೀಟದಿಂದ ತೆಗೆಯುವ ಕೆಂಪು ಬಣ್ಣವಾದ ಇ 120, ಅರಗಿನ ಲೇಪವಾದ ಇ 904 ಇವು ಆ 14ರಲ್ಲಿ ಇಲ್ಲ, ಅವನ್ನು ಸಾಲಿನಲ್ಲಿ ಹುಡುಕಿಕೊಳ್ಳಬೇಕು. ತಾಜಾ ಹಣ್ಣು ತರಕಾರಿಗಳನ್ನು ಊರಿನಿಂದ ತರುವಂತಿಲ್ಲ; ಸಸ್ಯ ಪ್ರಮಾಣಪತ್ರವಿಲ್ಲದೆ ಬಿಡುವುದು ಅನಾನಸ್, ತೆಂಗಿನಕಾಯಿ, ಡುರಿಯನ್, ಬಾಳೆಹಣ್ಣು, ಖರ್ಜೂರ ಈ ಐದನ್ನು ಮಾತ್ರ. ಹಾಲಿನ ಪೇಢೆಗೂ ಪ್ರವೇಶವಿಲ್ಲ, ಅದರಿಂದ ನಿಮ್ಮ ತಮ್ಮನಿಗೆ ನಷ್ಟವಿಲ್ಲ ಬಿಡಿ.

ಗ್ರೀಸಿನಲ್ಲಿ ಕಾರವಾರದ ಹಿರಿಯರು ಹೇಳಿದ ದಾರಿಯೇ ನಡೆಯುತ್ತದೆ. ಆರ್ಥೊಡಾಕ್ಸ್ ಕ್ರೈಸ್ತರು ಈಸ್ಟರಿಗೆ ಮೊದಲು ಹಲವು ವಾರ ಮಾಂಸ, ಹಾಲು, ಮೊಟ್ಟೆಗಳನ್ನು ಬಿಡುತ್ತಾರೆ, ಆ ಊಟಕ್ಕೆ ನಿಸ್ತೀಸಿಮೊ ಎನ್ನುತ್ತಾರೆ. ಉಳಿದ ದಿನಗಳಲ್ಲಿಯೂ ಲಾದೆರಾ ಎಂದು ಕೇಳಿದರೆ ಆಲಿವ್ ಎಣ್ಣೆಯಲ್ಲಿ ಬೇಯಿಸಿದ ಬೀನ್ಸ್, ಬೆಂಡೆಕಾಯಿ, ಬದನೆಕಾಯಿ ಸಿಗುತ್ತವೆ. ಬದಿಗೆ ಫೆಟಾ ಚೀಸ್ ಇಟ್ಟು ತರದಂತೆ ಹೋರಿಸ್ ತಿರಿ ಎಂದು ಸೇರಿಸಲಿ. ಒಂದು ಮಾತು ಮಾತ್ರ ಅವನಿಗೆ ಮುಟ್ಟಿಸಿ. ರಕ್ತ ಹರಿಯದ ಜೀವಿಗಳೆಂದು ಆಕ್ಟೋಪಸ್, ಸ್ಕ್ವಿಡ್, ಸಿಗಡಿಗಳಿಗೆ ಆ ಉಪವಾಸದಲ್ಲಿ ಅಡ್ಡಿಯಿಲ್ಲ. ನಿಸ್ತೀಸಿಮೊ ಎಂದು ಕೇಳಿ ಸುಮ್ಮನೆ ಕುಳಿತರೆ ಎಂಟು ಕಾಲಿನದು ತಟ್ಟೆಗೆ ಬಂದೀತು. ಥಾಲಾಸಿನಾ ಬೇಡ, ಎಂದರೆ ಕಡಲಿನದು ಯಾವುದೂ ಬೇಡ ಎಂದು ಜೊತೆಯಲ್ಲೇ ಹೇಳಬೇಕು.